ಶುಕ್ರವಾರದ ನೇರ ಹೊಡೆತ

ನನ್ನ ವಾರದ ರಜೆ ಶುಕ್ರವಾರ. ಕೆ.ಆರ್. ಪುರದ ಹತ್ತಿರ ನಾನು ಕೆಲಸ ಮಾಡುವ ಸಣ್ಣ ಕಂಪನಿ ಕಾರ್ಖಾನೆಗಳ ತೂಕದ ಯಂತ್ರಗಳನ್ನು ಪರೀಕ್ಷಿಸಿ ಸರಿಪಡಿಸುತ್ತದೆ. ಕೆಲಸ ನಡೆಯುವ ದಿನ ಯಾವ ಕಾರ್ಖಾನೆಯವರೂ ಯಂತ್ರ ಬಿಟ್ಟುಕೊಡುವುದಿಲ್ಲ. ಭಾನುವಾರ ಅವರು ಬಾಗಿಲು ಹಾಕಿದ ಮೇಲೆ ನಾವು ತೂಕದ ಕಲ್ಲುಗಳನ್ನು ಹೊತ್ತುಕೊಂಡು ಒಳಗೆ ಹೋಗಬೇಕು. ಹಾಗಾಗಿ ಊರಿಗೆಲ್ಲ ರಜೆ ಇರುವ ದಿನ ನನಗೆ ಕೆಲಸ, ನನಗೆ ರಜೆ ಇರುವ ದಿನ ಊರಿಗೆಲ್ಲ ಕೆಲಸ.

ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದೊಂದು ದೊಡ್ಡ ವಿಷಯ ಎಂದು ಅನ್ನಿಸಿರಲಿಲ್ಲ. ಜೊತೆಗೆ ಓದಿದ ಕೆಲವರು ಬೆಂಗಳೂರಿನಲ್ಲೇ ಇದ್ದರು. ಭಾನುವಾರ ಇಂದಿರಾನಗರದಲ್ಲಿ ಸಿಗೋಣ ಎಂದು ಮೆಸೇಜು ಹಾಕುತ್ತಿದ್ದರು. ನಾಲ್ಕೈದು ಸಲ ಬರಲಾಗುವುದಿಲ್ಲ ಎಂದ ಮೇಲೆ ಕೇಳುವುದನ್ನು ಬಿಟ್ಟರು. ಅವರ ತಪ್ಪೇನಿಲ್ಲ, ಬರದವನನ್ನು ಎಷ್ಟು ಸಲ ಕರೆಯುತ್ತಾರೆ. ನಾನಿರುವುದು ಬೈಯಪ್ಪನಹಳ್ಳಿಯಲ್ಲಿ, ಮೂರನೆಯ ಮಹಡಿಯ ಒಂಟಿ ಕೋಣೆ. ದಿನಚರಿ ಬರೆಯುವಾಗ ಆ ದಿನ ಯಾರೊಡನೆ ಮಾತಾಡಿದೆ ಎಂದು ಕೊನೆಯಲ್ಲಿ ಒಂದು ಸಾಲು ಬರೆಯುವ ರೂಢಿ ನನಗಿದೆ. ಆ ಕಾಲದ ಶುಕ್ರವಾರಗಳಲ್ಲಿ ಆ ಸಾಲಿನಲ್ಲಿ ಇಬ್ಬರೇ ಇರುತ್ತಿದ್ದರು: ಹಾಲಿನ ಅಂಗಡಿಯವರು, ಕೆಳಗಿನ ಮನೆಯ ಓನರ್ ಆಂಟಿ. ಕೆಲವು ವಾರ ಆಂಟಿಯೂ ಇರುತ್ತಿರಲಿಲ್ಲ.

ಪೂಲ್ ಆಟಕ್ಕೆ ನಾನು ಬಂದದ್ದು ಷರ್ಟು ಕೊಳ್ಳಲು ಹೋಗಿ. ಮೆಟ್ರೋ ಇಳಿದು ಕಮರ್ಷಿಯಲ್ ಸ್ಟ್ರೀಟ್‌ಗೆ ನಡೆದು ಹೋದೆ. ಶುಕ್ರವಾರ ಮಧ್ಯಾಹ್ನ ಎರಡೂವರೆ, ನಮಾಜಿಗೆ ಮುಚ್ಚಿದ ಅಂಗಡಿಗಳು ಇನ್ನೂ ತೆರೆದಿರಲಿಲ್ಲ. ನನಗೆ ಬೇಕಾದ ಅಂಗಡಿಯ ಷಟರ್ ಎಳೆದಿತ್ತು. ತೆರೆಯುವ ತನಕ ಸುತ್ತಾಡೋಣ ಎಂದು ಶಿವಾಜಿನಗರದ ಕಡೆಯ ಒಂದು ಓಣಿಗೆ ತಿರುಗಿದಾಗ ಹೊಲಿಗೆ ಯಂತ್ರ ರಿಪೇರಿಯ ಅಂಗಡಿಯ ಮೇಲಿನಿಂದ ಚೆಂಡಿಗೆ ಚೆಂಡು ತಾಗುವ ಸದ್ದು ಕೇಳಿಸಿತು. ಮೆಟ್ಟಿಲು ಹತ್ತಿದೆ. ಉದ್ದನೆಯ ಕೋಣೆ, ಎರಡು ಟೇಬಲ್, ಗೋಡೆಗೆ ಒರಗಿಸಿದ ಒಂದು ಮರದ ಬೆಂಚು. ಕಾಲೇಜಿನಲ್ಲಿದ್ದಾಗ ಹಾಸ್ಟೆಲಿನ ಹಳೇ ಟೇಬಲ್ಲಿನಲ್ಲಿ ಸ್ವಲ್ಪ ಆಡಿದ್ದೆ. ಆ ಪೂಲ್ ಪಾರ್ಲರ್ ನೋಡಿಕೊಳ್ಳುವವರು ಹಲಸೂರಿನವರು, ಐವತ್ತು ದಾಟಿದವರು. ಎಲ್ಲರೂ ಅವರನ್ನು ಅಣ್ಣ ಎನ್ನುತ್ತಿದ್ದರು.

"ಒಬ್ಬರೇನಾ ತಂಬಿ?" ಎಂದರು. "ಬೆಳಗ್ಗೆ ಆದ್ರೆ ಒಬ್ಬರಿಗೂ ಟೇಬಲ್ ಕೊಡ್ತೀನಿ. ಹನ್ನೆರಡಾದ್ಮೇಲೆ ಜೋಡಿ ಬೇಕು. ಒಬ್ಬರು ಆಡೋದು ನೋಡ್ತಾ ನಾಲ್ಕು ಜನ ಕಾಯೋಕಾಗಲ್ಲ ಅಲ್ವಾ."

ಅವತ್ತು ನಾಲ್ಕು ಜನ ಇರಲಿಲ್ಲ. ಕಿಟಕಿಯ ಹತ್ತಿರ ನನ್ನದೇ ವಯಸ್ಸಿನ ಒಬ್ಬ, ಬಿಳಿ ಜುಬ್ಬಾದ ತೋಳು ಮಡಚಿಕೊಂಡು, ಚೆಂಡು ಹೊಡೆಯುವ ಕ್ಯೂ ಕೋಲಿನ ತುದಿಗೆ ಚಾಕ್ ಉಜ್ಜುತ್ತಾ ನಿಂತಿದ್ದ. ತಿರುಗಿ ನೋಡಿ, "ನಂಗೂ ಜೋಡಿ ಇಲ್ಲ. ಬಾ ಗುರು, ಇಬ್ಬರು ಒಂಟಿಗಳು ಸೇರಿದ್ರೆ ಅಣ್ಣನ ಕಾನೂನಲ್ಲಿ ಒಂದು ಜೋಡಿ," ಎಂದ.

ಅವನು ಕಮರ್ಷಿಯಲ್ ಸ್ಟ್ರೀಟ್‌ನ ಅಡ್ಡರಸ್ತೆಯಲ್ಲಿದ್ದ ಚಿಕ್ಕಪ್ಪನ ಲೈನಿಂಗ್ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ. ಮನೆಯಲ್ಲಿ ದಖ್ಖನಿ ಉರ್ದು, ಗಿರಾಕಿಗಳೊಡನೆ ಕನ್ನಡ, ತಮಿಳು, ಯಾರು ಬಂದರೆ ಅದು. ಶುಕ್ರವಾರ ನಮಾಜಿಗೆ ಅಂಗಡಿ ಮುಚ್ಚಿದರೆ ತೆರೆಯುವುದು ನಾಲ್ಕೂವರೆಗೆ. ನಮಾಜು ಮುಗಿಸಿ, ಮನೆಗೆ ಹೋಗಿ ಉಂಡು, ಎರಡೂಕಾಲರ ಹೊತ್ತಿಗೆ ಪಾರ್ಲರಿಗೆ ಬರುತ್ತಿದ್ದ. ಅವನಿಗೂ ಅದೊಂದೇ ಬಿಡುವು. ಹೆಸರು ಕೇಳಿದ್ದು ಮೂರನೆಯ ವಾರವೋ ಏನೋ. ಅಷ್ಟರಲ್ಲಿ ನಾವಿಬ್ಬರೂ ಹೆಚ್ಚುಕಡಿಮೆ ಸಮಸಮ ಎಂದು ಗೊತ್ತಾಗಿತ್ತು.

ಆಟದ ಹೊರಗಿನ ಮಾತು ನಮ್ಮ ನಡುವೆ ಕಡಿಮೆ. ನಾನು ಬಗ್ಗಿ ಗುರಿ ನೋಡುತ್ತಾ ನಿಂತರೆ, "ಏನ್ ಗುರು, ಚೆಂಡಿಗೆ ಜಾತಕ ಕೂಡಿಸ್ತಿದ್ದೀಯಾ? ಮದುವೆ ಮಾಡ್ಸು ಬೇಗ," ಎನ್ನುತ್ತಿದ್ದ. ಅವನು ಸುಲಭದ ಚೆಂಡು ತಪ್ಪಿಸಿದರೆ, "ಬಟ್ಟೆ ಅಳೆಯೋದೂ ಹೀಗೇನಾ?" ಎಂದು ನಾನು. "ಬಟ್ಟೇಲಿ ಯಾವಾಗ್ಲೂ ಒಂದು ಬೆರಳು ಜಾಸ್ತಿ ಕೊಡ್ತೀನಿ. ಅದೇ ಕೈ ಇಲ್ಲೂ ಬರುತ್ತೆ, ಏನ್ ಮಾಡ್ಲಿ." ಇಷ್ಟೇ. ಆದರೆ ಈ ಎರಡು ಗಂಟೆಯ ಇಷ್ಟು ಮಾತು ನನಗೆ ಮುಂದಿನ ಶುಕ್ರವಾರದ ತನಕ ಸಾಕಾಗುತ್ತಿತ್ತು. ದಿನಚರಿಯ ಕೊನೆಯ ಸಾಲಿಗೆ ಮೂರನೆಯವನೊಬ್ಬ ಸೇರಿದ. ಒಂದು ವರ್ಷ ಹೀಗೇ ನಡೆಯಿತು.

ಆಮೇಲೆ ಪಕ್ಕದ ರಸ್ತೆಯಲ್ಲಿದ್ದ ಇನ್ನೊಂದು ಪಾರ್ಲರ್ ಮುಚ್ಚಿತು. ಅಲ್ಲಿ ಆಡುತ್ತಿದ್ದ ಕಾಲೇಜು ಹುಡುಗರೆಲ್ಲ ನಮ್ಮಲ್ಲಿಗೆ ಬಂದರು. ಬೆಂಚು ತುಂಬಿತು. ಅಣ್ಣ ಗೋಡೆಗೆ ಒಂದು ಸ್ಲೇಟು ನೇತುಹಾಕಿ, "ಹೆಸರು ಬರೀರಿ. ಗೆದ್ದವನು ನಿಲ್ಲೋದು, ಸೋತವನು ಎದ್ದು ಬೆಂಚಿಗೆ ಹೋಗೋದು. ಎಲ್ಲಾ ಕಡೆ ಇದೇ ರೂಲು," ಎಂದರು. ಎಲ್ಲ ಕಡೆಯೂ ಅದೇ ಇರಬಹುದು. ನಮಗೆ ಮಾತ್ರ ಅದರ ಅಗತ್ಯ ಅದುವರೆಗೆ ಬಂದಿರಲಿಲ್ಲ.

ಆ ಮೊದಲ ಶುಕ್ರವಾರ ನಾನು ಸೋತು ಬೆಂಚಿಗೆ ಹೋದೆ. ಅವನು ನಿಂತ. ನನ್ನ ಜಾಗಕ್ಕೆ ಒಬ್ಬ ಕಾಲೇಜು ಹುಡುಗ ಬಂದ, ಆ ಹುಡುಗ ಸೋತಾಗ ಇನ್ನೊಬ್ಬ. ನನ್ನ ಹೆಸರು ಮತ್ತೆ ಸ್ಲೇಟಿನ ತುದಿಗೆ ಬರುವಷ್ಟರಲ್ಲಿ ನಾಲ್ಕೂಕಾಲು. ಅವನು ಕ್ಯೂ ಗೋಡೆಗೆ ಒರಗಿಸಿ, "ಸಿಗೋಣ ಗುರು, ಮುಂದಿನ ವಾರ," ಎಂದು ಚಪ್ಪಲಿ ಮೆಟ್ಟಿದ. ಇಡೀ ಮಧ್ಯಾಹ್ನದಲ್ಲಿ ನಾನು ಅವನೆದುರು ನಿಂತದ್ದು ಒಂದೇ ಆಟ. ಮೆಟ್ರೋದಲ್ಲಿ ಹಿಂದಿರುಗುವಾಗ ಆ ವಾರಕ್ಕೆ ನನಗೆ ಸಿಕ್ಕ ಮಾತು ಎಷ್ಟೆಂದು ನೆನಪಿಸಿಕೊಂಡೆ. ಹಲಸೂರು ಸ್ಟೇಷನ್ ಬರುವಷ್ಟರಲ್ಲಿ ಮುಗಿದುಹೋಯಿತು.

ನಾನು ಕೊರಗುವುದಕ್ಕಿಂತ ಲೆಕ್ಕ ಹಾಕುವವನು. ಚೆನ್ನಾಗಿ ಆಡಲು ಕಲಿತರೆ ಟೇಬಲ್ ಬಳಿಯೇ ಇರುತ್ತೇನೆ, ಅವನೂ ಚೆನ್ನಾಗಿ ಆಡುತ್ತಾನೆ, ಆದ್ದರಿಂದ ನಾವು ಮತ್ತೆ ಮತ್ತೆ ಎದುರಾಗುತ್ತೇವೆ. ಹೀಗೆಂದು ಅಂದಾಜು ಮಾಡಿದೆ. ಅದರಲ್ಲೊಂದು ತೂತಿತ್ತು, ಆಗ ಕಾಣಿಸಲಿಲ್ಲ.

ಶುಕ್ರವಾರ ಬೆಳಗ್ಗೆ ಹತ್ತಕ್ಕೇ ಹೋಗತೊಡಗಿದೆ. ಆ ಹೊತ್ತಿಗೆ ಅಣ್ಣ ನೆಲ ಒರೆಸುತ್ತಿರುತ್ತಿದ್ದರು, ಬೇರೆ ಯಾರೂ ಇರುತ್ತಿರಲಿಲ್ಲ. ಎಲ್ಲಕ್ಕಿಂತ ಸರಳವಾದ ಹೊಡೆತವನ್ನೇ ಆರಿಸಿಕೊಂಡೆ: ಕ್ಯೂ ಕೋಲಿನಿಂದ ಹೊಡೆಯುವ ಬಿಳಿ ಚೆಂಡು, ಅದು ತಾಗಿ ಒಳಗೆ ಬೀಳಬೇಕಾದ ಬಣ್ಣದ ಚೆಂಡು, ಮೂಲೆಯ ಪಾಕೆಟ್, ಮೂರೂ ಒಂದೇ ಗೆರೆಯಲ್ಲಿ. ಹತ್ತು ಸಲ ಹೊಡೆದು ಎಷ್ಟು ಒಳಗೆ ಹೋಯಿತು ಎಂದು ಬರೆದುಕೊಳ್ಳುತ್ತಿದ್ದೆ. ಏಳು. ಆರು. ಏಳು. ಮತ್ತೆ ಏಳು. ಒಂದೂವರೆ ತಿಂಗಳಾದರೂ ಆ ಅಂಕಿ ಅಲ್ಲಾಡಲಿಲ್ಲ.

ಅದರ ಕಾರಣ ನನಗೆ ಹೊಳೆದದ್ದು ಒಂದು ಭಾನುವಾರ, ವೈಟ್‌ಫೀಲ್ಡ್ ಕಡೆಯ ಕಾರ್ಖಾನೆಯೊಂದರಲ್ಲಿ, ತೂಕದ ಯಂತ್ರದ ಮುಂದೆ ಮಂಡಿಯೂರಿ ಕೂತಿದ್ದಾಗ. ನಮ್ಮ ಕೆಲಸದಲ್ಲಿ ಯಂತ್ರ ತಪ್ಪು ತೋರಿಸುತ್ತದೆ ಎಂದಷ್ಟೇ ಬರೆದರೆ ಯಾರಿಗೂ ಉಪಯೋಗವಿಲ್ಲ. ಹೆಚ್ಚು ತೋರಿಸುತ್ತದೋ ಕಡಿಮೆಯೋ ಎಂದು ಪ್ರತಿ ಅಂಕಿಯ ಹಿಂದೆ ಪ್ಲಸ್ ಅಥವಾ ಮೈನಸ್ ಹಾಕಬೇಕು. ಹಗುರ ಕಲ್ಲಿಗೊಂದು ಸಲ, ಭಾರದ ಕಲ್ಲಿಗೊಂದು ಸಲ. ದಿನಾ ಮಾಡುವ ಕೆಲಸ. ಅದೇ ನಾನು ಪಾರ್ಲರಿನಲ್ಲಿ ಒಳಗೆ ಎಷ್ಟು, ಹೊರಗೆ ಎಷ್ಟು ಎಂದಷ್ಟೇ ಎಣಿಸುತ್ತಿದ್ದೆ. ತಪ್ಪಿದ ಚೆಂಡು ಯಾವ ಕಡೆಗೆ ತಪ್ಪಿತು ಎಂದು ಒಂದು ದಿನವೂ ಬರೆದಿರಲಿಲ್ಲ.

ಮುಂದಿನ ಶುಕ್ರವಾರ ಬರೆದೆ. ಮೆಲ್ಲಗೆ ಹೊಡೆದ ಚೆಂಡು ತಪ್ಪಿದಾಗಲೆಲ್ಲ ಪಾಕೆಟ್ಟಿನ ಬಲಕ್ಕೆ ಹೋಗುತ್ತಿತ್ತು. ಜೋರಾಗಿ ಹೊಡೆದದ್ದು ಎಡಕ್ಕೆ. ನಡುವಿನ ವೇಗದ್ದು ಒಳಗೆ. ಅಂದರೆ ಎರಡು ತಪ್ಪುಗಳಿವೆ. ಯಾವ ಯಾವವು ಎಂದು ಬಿಡಿಸಲು ಎರಡು ಬೆಳಗು ಹಿಡಿಯಿತು. ಮೊದಲನೆಯದು ಕೈಯದು. ಬಿಳಿ ಚೆಂಡೊಂದನ್ನೇ ಟೇಬಲ್ಲಿನ ನಡುಗೆರೆಯಲ್ಲಿಟ್ಟು ಎದುರಿನ ಅಂಚಿಗೆ ನೇರವಾಗಿ ಹೊಡೆದರೆ ಅದು ಬಡಿದು ಅದೇ ಗೆರೆಯಲ್ಲಿ ಹಿಂದಿರುಗಿ ಕ್ಯೂ ತುದಿಗೇ ಬಂದು ಮುಟ್ಟಬೇಕು. ನನ್ನದು ಪ್ರತಿ ಸಲವೂ ಬಲಕ್ಕೆ ಸರಿದು, ನನ್ನನ್ನು ದಾಟಿ ಹೋಗುತ್ತಿತ್ತು. ಕೊನೆಯ ಕ್ಷಣದಲ್ಲಿ ಮಣಿಕಟ್ಟು ಮೈಯ ಕಡೆಗೆ ತಿರುಗಿ ಕ್ಯೂ ತುದಿಯನ್ನು ಬಲಕ್ಕೆ ನೂಕುತ್ತಿತ್ತು. ಜೋರು ಹೆಚ್ಚಿದಷ್ಟೂ ತಿರುವು ಹೆಚ್ಚು. ಬಿಳಿ ಚೆಂಡು ಬಲಕ್ಕೆ ಸರಿದು ತಾಗಿದರೆ ಬಣ್ಣದ ಚೆಂಡು ಎಡಕ್ಕೆ ಹೋಗುತ್ತದೆ, ಎಡಕ್ಕೆ ಸರಿದು ತಾಗಿದರೆ ಬಲಕ್ಕೆ.

ಎರಡನೆಯದು ಕಣ್ಣಿನದು. ಕೈ ಚಾಚಿ, ಬೆರಳನ್ನು ಗೋಡೆಯ ಮೊಳೆಗೆ ನೇರ ಹಿಡಿದು, ಒಂದೊಂದೇ ಕಣ್ಣು ಮುಚ್ಚಿ ನೋಡಿದೆ. ಎಡಗಣ್ಣು ಮುಚ್ಚಿದರೆ ಬೆರಳು ಮೊಳೆಯಿಂದ ಹಾರಿ ಪಕ್ಕಕ್ಕೆ ಹೋಗುತ್ತಿತ್ತು, ಬಲಗಣ್ಣು ಮುಚ್ಚಿದರೆ ಅಲ್ಲೇ ಇರುತ್ತಿತ್ತು. ಗುರಿ ಹಿಡಿಯುವುದು ನನ್ನ ಎಡಗಣ್ಣು. ನಾನೋ ಬಲಗೈಯವನೆಂದು ಕ್ಯೂ ಕೋಲನ್ನು ಬಲಗಣ್ಣಿನ ಕೆಳಗಿಟ್ಟು ಆಡುತ್ತಿದ್ದೆ. ಹಾಗಾಗಿ ನೇರ ಎಂದು ನನಗೆ ಕಂಡ ಗೆರೆ ನಿಜವಾಗಿ ಎಡಕ್ಕೆ ವಾಲಿತ್ತು. ಕಣ್ಣು ಎಡಕ್ಕೆ ಒಯ್ದ ಬಿಳಿ ಚೆಂಡನ್ನು ಕೈ ಬಲಕ್ಕೆ ತಳ್ಳಿ ಬಣ್ಣದ ಚೆಂಡನ್ನು ಹೇಗೋ ಒಳಗೆ ಹಾಕುತ್ತಿತ್ತು. ಒಂದು ವರ್ಷ ನಾನು ಗೆದ್ದ ಆಟಗಳೆಲ್ಲ ಹೀಗೆ ಗೆದ್ದವೇ.

ಕೈಯನ್ನು ಮೊದಲು ಸರಿಪಡಿಸಿದೆ. ಕೋಣೆಯ ಕಿಟಕಿಯ ಕಟ್ಟೆಯ ಮೇಲೆ ಬಾಯಿ ಅಗಲದ ಖಾಲಿ ಗಾಜಿನ ಬಾಟಲಿ ಅಡ್ಡ ಮಲಗಿಸಿ, ನೆಲ ಒರೆಸುವ ಮಾಪಿನ ಕೋಲನ್ನಷ್ಟೇ ತೆಗೆದು, ಬಾಟಲಿಯ ಬಾಯಿಗೆ ತಾಗದಂತೆ ಒಳಗೆ ಹೊರಗೆ ಆಡಿಸುವುದು. ಮೊಣಕೈಯಿಂದ ಕೆಳಗಿನ ಭಾಗ ಮಾತ್ರ ಗಡಿಯಾರದ ಲೋಲಕದ ಹಾಗೆ ತೂಗಬೇಕು. ಭುಜ ಕದಲಬಾರದು, ಮುಷ್ಟಿ ಬಿಗಿಯಬಾರದು. ಮಣಿಕಟ್ಟು ತಿರುಗಿದರೆ ಗಾಜು ಟಿಣ್ ಎನ್ನುತ್ತಿತ್ತು. ನಾಲ್ಕನೆಯ ದಿನ ಓನರ್ ಆಂಟಿ ಮೆಟ್ಟಿಲ ಮೇಲೆ ತಡೆದರು.

"ಏನಪ್ಪಾ ಅದು, ಸಂಜೆ ಆದ್ರೆ ಟಿಣ್ ಟಿಣ್ ಅಂತ? ಪೂಜೆ ಮಾಡ್ತೀಯಾ?"

"ಇಲ್ಲ ಆಂಟಿ. ಎಕ್ಸರ್ಸೈಜು."

"ಗಂಟೆ ಹೊಡೆಯೋ ಎಕ್ಸರ್ಸೈಜು ನಾನೆಲ್ಲೂ ನೋಡಿಲ್ಲ. ದಿನಾ ಕೇಳಿಸಿದ್ರೆ ನಮ್ಮನೆಯವರು ಕೈ ಮುಗಿಯೋಕೆ ಶುರು ಮಾಡ್ತಾರೆ ನೋಡು."

ಸದ್ದು ಕಡಿಮೆಯಾಗುತ್ತಾ ಬಂದು ಒಂದು ತಿಂಗಳಿಗೆ ನಿಂತಿತು. ಕೈ ನೇರವಾಯಿತು. ಪಾರ್ಲರಿನಲ್ಲಿ ಮಾತ್ರ ನನ್ನ ಆಟ ಕೆಟ್ಟುಹೋಯಿತು. ಕೈಯ ತಪ್ಪು ಹೋಗಿ ಕಣ್ಣಿನದು ಉಳಿದದ್ದರಿಂದ ಎಲ್ಲ ಚೆಂಡುಗಳೂ ಬಲಕ್ಕೆ ಹೋಗತೊಡಗಿದವು. ಕ್ಯೂ ಕೋಲನ್ನು ಗಲ್ಲದ ಎಡಕ್ಕೆ ಸರಿಸಿ ಎಡಗಣ್ಣಿನ ಕೆಳಗೆ ತಂದರೆ ಸರಿಯಾದ ಗೆರೆಯೇ ಬಲಕ್ಕೆ ವಾಲಿದಂತೆ ಕಾಣುತ್ತಿತ್ತು. ಮನಸ್ಸು ಒಪ್ಪದೆ ಕೊನೆಯಲ್ಲಿ ಒಂದಿಷ್ಟು ಎಡಕ್ಕೆ ತಿರುಗಿಸಿಬಿಡುತ್ತಿದ್ದೆ. ಬೆಳಗಿನ ಹತ್ತು ಹೊಡೆತದಲ್ಲಿ ಮೂರು ಒಳಗೆ ಹೋದರೆ ಹೆಚ್ಚು.

ಮಧ್ಯಾಹ್ನದ ಆಟಗಳು ಬೇಗ ಮುಗಿಯತೊಡಗಿದವು. ಬೆಂಚಿನ ಹುಡುಗರಿಗೆ ನನ್ನ ಸರದಿ ಎಂದರೆ ವಿರಾಮ.

"ಮಗಾ, ಟೀ ಹೇಳಿ ಬಾ, ಅವರು ಸರ್ವೆ ಮಾಡ್ತಿದ್ದಾರೆ," ಎನ್ನುತ್ತಿದ್ದ ಒಬ್ಬ.

"ಸರ್ವೆ ಅಲ್ಲ, ರಸ್ತೆ ಅಗಲ ಮಾಡೋಕೆ ಗುರುತು ಹಾಕ್ತಿದ್ದಾರೆ," ಎಂದು ಇನ್ನೊಬ್ಬ.

ಅವರ ಮಾತಿಗೆ ನನಗೆ ಬೇಸರವಿರಲಿಲ್ಲ. ಬೇಸರವಾದದ್ದು ನನ್ನ ಜೋಡಿ ಸುಮ್ಮನಾದದ್ದಕ್ಕೆ. ಮೊದಲು ಜಾತಕ, ಮದುವೆ ಎಂದು ಕೆಣಕುತ್ತಿದ್ದವನು ಈಗ ನಾನು ಚೆಂಡು ತಪ್ಪಿಸಿದರೆ ಬೇರೆ ಕಡೆ ನೋಡುತ್ತಿದ್ದ. ಒಂದು ವಾರ ತಗ್ಗಿದ ದನಿಯಲ್ಲಿ, "ಹುಷಾರಿಲ್ವಾ ನಿಂಗೆ? ಏನಾದ್ರೂ ಆಗಿದ್ಯಾ?" ಎಂದು ಕೇಳಿದ. ಆಗ ಕೈ, ಕಣ್ಣು, ಎಡ, ಬಲ ಎಲ್ಲವನ್ನೂ ಹೇಳಲು ಹೊರಟೆ. ಅರ್ಧ ಕೇಳಿ, "ಮೊದಲು ಚೆನ್ನಾಗೇ ಹೋಗ್ತಿತ್ತಲ್ಲ ಗುರು. ಹೋಗೋ ಚೆಂಡನ್ನ ಯಾಕೆ ರಿಪೇರಿ ಮಾಡೋಕೆ ಹೋದೆ?" ಎಂದ. ಅಷ್ಟರಲ್ಲಿ ಅವನ ಸರದಿ ಬಂತು.

ಅವನ ಮಾತು ನನ್ನಲ್ಲಿ ಉಳಿಯಿತು. ಮುಂದಿನ ವಾರ ಕ್ಯೂ ಕೋಲನ್ನು ಮತ್ತೆ ಬಲಗಣ್ಣಿನ ಕೆಳಗಿಟ್ಟೆ, ಮಣಿಕಟ್ಟನ್ನು ಅದರ ಪಾಡಿಗೆ ಬಿಟ್ಟೆ. ದೇಹ ಏನನ್ನೂ ಮರೆತಿರಲಿಲ್ಲ. ಅವನೊಡನೆ ಕೊನೆಯ ಚೆಂಡಿನ ತನಕ ಆಡಿದೆ. ಸೋತೆ, ಆದರೆ ಅರ್ಧ ಗಂಟೆ ಎದುರಿಗಿದ್ದೆ. "ಬಂದ ನೋಡಪ್ಪ ನಮ್ಮ ಗುರು ವಾಪಸ್ಸು," ಎಂದು ಅವನು ನಕ್ಕ. ಆ ನಗುವಿಗಾಗಿ ಹಾಗೇ ಆಡಿಕೊಂಡಿರಬಹುದಿತ್ತು. ಆದರೆ ಆ ದಿನ ಚೆಂಡು ಒಳಗೆ ಹೋದಾಗಲೂ ಅದು ಯಾಕೆ ಹೋಯಿತು ಎಂದು ನನಗೆ ಗೊತ್ತಿತ್ತು. ಯಾವ ತಪ್ಪು ಯಾವ ತಪ್ಪನ್ನು ಎಷ್ಟು ಮುಚ್ಚಿತು ಎಂದು ಒಳಗೊಳಗೇ ಅಂದಾಜು ನಡೆಯುತ್ತಿತ್ತು. ಸಂತೋಷ ಆಗಲಿಲ್ಲ. ಆ ರಾತ್ರಿ ಉಂಡ ಮೇಲೆ ಬಾಟಲಿ ತೆಗೆದು ಮತ್ತೆ ಕಿಟಕಿಯ ಕಟ್ಟೆಯ ಮೇಲಿಟ್ಟೆ.

ಸರಿಯಾದ ಗೆರೆ ಕಣ್ಣಿಗೆ ಸರಿಯಾಗಿಯೇ ಕಾಣಲು ಶುರುವಾದದ್ದು ಮಳೆಗಾಲ ಮುಗಿಯುವ ಹೊತ್ತಿಗೆ. ಅದು ಒಂದೇ ದಿನ ಆದದ್ದಲ್ಲ. ಚೆಂಡಿನ ಹಿಂದೆ ನಿಂತು ಮೊದಲು ಗೆರೆ ನೋಡುವುದು, ಆ ಗೆರೆಯ ಮೇಲೆ ಬಲಗಾಲಿಡುವುದು, ಆಮೇಲೆ ಬಗ್ಗುವುದು. ಬಗ್ಗಿದ ಮೇಲೆ ಏನನ್ನೂ ತಿದ್ದಬಾರದು. ತಿದ್ದಬೇಕೆನ್ನಿಸಿದರೆ ಎದ್ದು ಮೊದಲಿನಿಂದ ಬರಬೇಕು. ಎರಡು ಮೂರು ಸಲ ಕೈ ತೂಗಿ, ಹಿಂದಕ್ಕೆ ಎಳೆದಾಗ ಒಂದು ಉಸಿರಿನಷ್ಟು ನಿಂತು, ಹೊಡೆದು, ಚೆಂಡು ನಿಲ್ಲುವವರೆಗೆ ಬಗ್ಗಿಯೇ ಇರಬೇಕು. ಒಂದು ಬೆಳಗ್ಗೆ ಬಿಳಿ ಚೆಂಡು ಎದುರಿನ ಅಂಚಿಗೆ ಬಡಿದು ಹಿಂದಿರುಗಿ ಕ್ಯೂ ತುದಿಗೆ ಬಂದು ಮುಟ್ಟಿತು. ಸುತ್ತ ನೋಡಿದೆ. ಅಣ್ಣ ಕೆಳಗೆ ಟೀ ತರಲು ಹೋಗಿದ್ದರು. ಇನ್ನೊಮ್ಮೆ ಹೊಡೆದೆ, ಇನ್ನೊಮ್ಮೆ ಬಂತು.

ಅಂದೇ ಮಧ್ಯಾಹ್ನ ನನ್ನ ಸರದಿ ಬಂದಾಗ ಎದುರಿಗೆ ಅವನಿದ್ದ. ಅದಕ್ಕೆ ಮೊದಲು ಮೂವರನ್ನು ಸೋಲಿಸಿ ಹುರುಪಿನಲ್ಲಿದ್ದ. ಆಟ ಕೊನೆಗೆ ಕಪ್ಪು ಚೆಂಡೊಂದಕ್ಕೆ ಬಂದು ನಿಂತಿತು. ಅದನ್ನು ಹಾಕಿದವನು ಗೆದ್ದಂತೆ. ನನ್ನ ಹೊಡೆತ. ಬಿಳಿ ಚೆಂಡು ಈ ತುದಿಯಲ್ಲಿ, ಕಪ್ಪು ನಡುವಿನಲ್ಲಿ, ಪಾಕೆಟ್ ಆ ಮೂಲೆಯಲ್ಲಿ, ಉದ್ದದ ನೇರ ಗೆರೆ. ಬೆಂಚಿನಿಂದ ಯಾರೋ, "ಟೀ ಹೇಳೋಣ್ವಾ ಮಗಾ," ಎಂದರು. ಅವನು ಕೈಯೆತ್ತಿ ಅವರನ್ನು ಸುಮ್ಮನಿರಿಸಿದ. ನಿಂತು ಗೆರೆ ನೋಡಿದೆ. ಬಗ್ಗಿದೆ. ಏನನ್ನೂ ತಿದ್ದಲಿಲ್ಲ. ಕಪ್ಪು ಚೆಂಡು ಪಾಕೆಟ್ಟಿನ ಅಂಚು ತಾಕದೆ ಒಳಗೆ ಬಿತ್ತು. ಬಿಳಿ ಚೆಂಡು ಕಪ್ಪು ಇದ್ದ ಜಾಗದಲ್ಲಿ ಕದಲದೆ ನಿಂತಿತು. ಹಾಗೆ ನಿಂತರೆ ಹೊಡೆತ ಪೂರ್ತಿ ನೇರ ಎಂದು ಅರ್ಥ.

ಅವನು ಕ್ಯೂ ಕೋಲಿನ ಬುಡವನ್ನು ಎರಡು ಸಲ ನೆಲಕ್ಕೆ ಕುಟ್ಟಿದ. ಒಳ್ಳೆಯ ಹೊಡೆತಕ್ಕೆ ಅಲ್ಲಿ ಹಾಗೆ ಮಾಡುತ್ತಾರೆ. "ಇದು ಬೇರೆ ಗುರು," ಎಂದ. ಆಮೇಲೆ ಕ್ಯೂ ಗೋಡೆಗೆ ಒರಗಿಸಿ, ಸ್ಲೇಟಿನ ಕೊನೆಯಲ್ಲಿ ತನ್ನ ಹೆಸರು ಬರೆದು, ಹೋಗಿ ಬೆಂಚಿನ ಮೇಲೆ ಕೂತ. ಕಾಲೇಜು ಹುಡುಗನೊಬ್ಬ ಎದ್ದು ಬಂದು ಚೆಂಡುಗಳನ್ನು ಜೋಡಿಸತೊಡಗಿದ.

ಆಗ ನನಗೆ ನನ್ನ ಲೆಕ್ಕದ ತೂತು ಕಾಣಿಸಿತು. ಸೋತರೆ ನಾನು ಬೆಂಚಿಗೆ, ಗೆದ್ದರೆ ಅವನು ಬೆಂಚಿಗೆ. ಎಷ್ಟು ಚೆನ್ನಾಗಿ ಆಡಿದರೂ ಹೀಗೇ. ಆ ಹುಡುಗನನ್ನು ಸೋಲಿಸಿದೆ, ಮುಂದಿನವನನ್ನೂ ಸೋಲಿಸಿದೆ. ಬೇಕೆಂದು ತಪ್ಪಿಸುವ ಯೋಚನೆ ಒಮ್ಮೆ ಬಂತು. ಆದರೆ ಬಗ್ಗಿದ ಮೇಲೆ ಕೈ ಅದಕ್ಕೆ ಒಪ್ಪಲಿಲ್ಲ. ಮೂರನೆಯ ಆಟದ ನಡುವೆ ಬೆಂಚಿನ ಮೇಲಿದ್ದ ಅವನಿಗೆ ಫೋನ್ ಬಂತು. ನಾನು ಬಗ್ಗಿದ್ದೆ. ಚೆಂಡು ಬಿದ್ದು ತಲೆಯೆತ್ತಿದಾಗ ಅವನು ಮೆಟ್ಟಿಲ ಹತ್ತಿರ ನಿಂತು, ಹೋಗ್ತೀನಿ ಎಂದು ಕೈಸನ್ನೆ ಮಾಡಿ ಇಳಿದುಹೋದ. ಆ ದಿನ ಕೊನೆಯ ತನಕ ನಾನೇ ಟೇಬಲ್ ಬಳಿ ಇದ್ದೆ. ಯಾರೊಡನೆ ಮಾತಾಡಿದೆ ಎಂಬ ಸಾಲಿನಲ್ಲಿ ಬರೆಯಲು ಅವನ ಮೂರೇ ಪದ ಇದ್ದವು.

ಮುಂದಿನ ಶುಕ್ರವಾರ ಬೆಳಗಿನ ಅಭ್ಯಾಸಕ್ಕೆ ಹೋಗಲಿಲ್ಲ. ಎರಡು ಗಂಟೆಗೆ ಓಣಿಯ ಬಾಯಲ್ಲಿ ಕಾಯುತ್ತಾ ನಿಂತೆ. ಅವನು ಎಂದಿನ ಹೊತ್ತಿಗೆ ಬಂದ. ಹೇಳಬೇಕಾದದ್ದನ್ನು ಮೆಟ್ರೋದಲ್ಲೇ ಜೋಡಿಸಿಕೊಂಡಿದ್ದೆ. ಒಂದೂವರೆ ವರ್ಷದಲ್ಲಿ ಒಮ್ಮೆಯೂ ಕೇಳಿರದ ಮಾತು.

"ಇವತ್ತು ಆಟ ಬೇಡ. ಇಲ್ಲೇ ಎಲ್ಲಾದ್ರೂ ಟೀ ಕುಡಿಯೋಣ್ವಾ? ಸುಮ್ನೆ, ಕೂತು."

ಅವನು ನನ್ನ ಮುಖ ನೋಡಿದ. ಏನಾದರೂ ತೊಂದರೆಯೇ ಎಂದು ಹುಡುಕಿದ ಹಾಗೆ ನೋಡಿ, ಇಲ್ಲ ಎಂದು ಖಾತ್ರಿಯಾದ ಮೇಲೆ ಮೆಟ್ಟಿಲ ಕಡೆ ತಿರುಗಿದ.

"ಟೀ ಎಲ್ಲಿ ಬೇಕಾದ್ರೂ ಸಿಗುತ್ತೆ ಗುರು. ಲೇಟಾದ್ರೆ ಟೇಬಲ್ ಸಿಗಲ್ಲ. ಬಾ."

ಅವನಿಗೆ ಬೇಕಾದದ್ದು ಆಟ. ಚಿಕ್ಕಪ್ಪನ ಅಂಗಡಿಯಿಂದ ವಾರಕ್ಕೊಮ್ಮೆ ಸಿಗುವ ಎರಡು ಗಂಟೆ. ಅದನ್ನು ಅವನು ನನ್ನಿಂದ ಎಂದೂ ಮುಚ್ಚಿಟ್ಟಿರಲಿಲ್ಲ. ಕೆಳಗೆ ನಿಂತು ನಾಲ್ಕೈದು ಮೆಟ್ಟಿಲು ಅವನು ಹತ್ತುವುದನ್ನು ನೋಡಿದೆ. ಆಮೇಲೆ ಹಿಂದೆಯೇ ಹತ್ತಿದೆ.

ಎರಡೂ ಟೇಬಲ್ ತುಂಬಿದ್ದವು. ಸ್ಲೇಟಿನಲ್ಲಿ ಆಗಲೇ ಆರು ಹೆಸರು. ಅವನು ಏಳನೆಯದಾಗಿ ತನ್ನದನ್ನೂ ಎಂಟನೆಯದಾಗಿ ನನ್ನದನ್ನೂ ಬರೆದು, ಬೆಂಚಿನ ತುದಿಯಲ್ಲಿ ಕೂತು, ಪಕ್ಕಕ್ಕೆ ಸರಿದು ಜಾಗ ಮಾಡಿದ. ಕೂತೆ. ಬಹಳ ಹೊತ್ತು ಬೇರೆಯವರ ಆಟ ನೋಡಿದೆವು.

"ಆ ಕೆಂಪು ಟೀಶರ್ಟು," ಎಂದ ಅವನು, ಬಾಯಿಗೆ ಕೈ ಅಡ್ಡ ಹಿಡಿದು. "ಅವನದು ಯಾವ ಕಡೆ ತಪ್ಪುತ್ತೆ ಹೇಳು ನೋಡೋಣ."

"ಬಲಕ್ಕೆ."

ಚೆಂಡು ಬಲಕ್ಕೆ ಹೋಯಿತು. ಅವನು ತೊಡೆ ತಟ್ಟಿಕೊಂಡು ಸದ್ದಿಲ್ಲದೆ ನಕ್ಕ. ಹುಡುಗ ಮತ್ತೆ ಬಗ್ಗಿದಾಗ ಅವನು ಮೊಣಕೈಯಿಂದ ನನ್ನನ್ನು ತಿವಿದ. ಗಡಿಯಾರದಲ್ಲಿ ಮೂರು ಗಂಟೆಯೂ ಆಗಿರಲಿಲ್ಲ. ನಮ್ಮ ಮುಂದೆ ಇನ್ನೂ ನಾಲ್ಕು ಹೆಸರುಗಳಿದ್ದವು.